ಮಿಲಿಟ್ರಿಯಿಂದ ಬಂದವರು, ಯುದ್ಧ ಇತಿಹಾಸ ಓದುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಯುದ್ಧ ಇತಿಹಾಸದ ಹುಚ್ಚು ಹಿಡಿದವರ ಬಳಗ ನಮ್ಮದು. ಇದರಲ್ಲಿ ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಪ್ಲಾಸ್ಟಿಕ್ ತುಂಡು ಅಂಟಿಸಿ ಹಳೆಯ ವಿಮಾನ ಕಟ್ಟುವ ಒಬ್ಬ ಹಲ್ಲಿನ ಡಾಕ್ಟರೂ ಇದ್ದಾರೆ. ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು ಒಬ್ಬೊಬ್ಬರಾಗಿ ನಮ್ಮ ಜೊತೆ ಕೂರತೊಡಗಿದ ಮೇಲೆ ಎರಡೂ ಕಡೆಯಿಂದ ಪ್ರಶ್ನೆಗಳು ಶುರುವಾದವು. ಕದ್ರಿ ಯುದ್ಧ ಸ್ಮಾರಕದಲ್ಲಿ, ಅಜ್ಜರಕಾಡಿನಲ್ಲಿ ಕಾರ್ಗಿಲ್ ದಿನದ ಕಾರ್ಯಕ್ರಮ ಮುಗಿದು ಜನ ಚದುರುವಾಗ ಕೇಳಿದವು, ಫೋನಿನಲ್ಲಿ ಕೇಳಿದವು, ಕಾಗದದಲ್ಲಿ ಬಂದವು ಎಲ್ಲ ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಾನೂ ಸಿಗ್ನಲ್ಸ್‌ನಲ್ಲಿ, ಅಂದರೆ ಸೇನೆಯ ಸಂಪರ್ಕ ವಿಭಾಗದಲ್ಲಿ ಇದ್ದು ಬಂದವನು; ಉತ್ತರಗಳಲ್ಲಿ ಸ್ವಲ್ಪ ಆ ಕಡೆಯ ವಾಲಿಕೆ ಕಂಡರೆ ಅದಕ್ಕೇ.

## ಸೇರುವ ಮೊದಲು

ನಾನು ಯುದ್ಧ ನೋಡಿದವನೇ ಅಲ್ಲ ಮಾರಾಯ್ರೆ, ಸ್ಟೋರಿನಲ್ಲಿ ಲೆಕ್ಕ ಬರೆದವ. ನನಗೆ ಅಲ್ಲಿ ಎಂತ ಕೆಲಸ?

ನಮಗೆ ಬೇಕಾದವರು ನೀವೇ. ನಮ್ಮಲ್ಲಿಗೆ ಬರುವ ನಿವೃತ್ತರಲ್ಲಿ ಹೆಚ್ಚಿನವರು ಏರ್‌ಫೋರ್ಸಿನ ಟೆಕ್ನಿಷಿಯನ್, ಎಎಸ್‌ಸಿ (ಸಾಮಾನು ಸಾಗಿಸುವ ವಿಭಾಗ) ಡ್ರೈವರ್, ಇಎಂಇ (ಗಾಡಿ, ಯಂತ್ರ ರಿಪೇರಿ ವಿಭಾಗ) ಮೆಕ್ಯಾನಿಕ್, ನೇವಿಯ ಇಂಜಿನ್ ರೂಮಿನವರು, ಕ್ಲರ್ಕುಗಳು. ಗುಂಡು ಹಾರಿಸಿದವರ ಕತೆ ಪುಸ್ತಕಗಳಲ್ಲಿ ಬೇಕಾದಷ್ಟು ಉಂಟು. ಆ ಗುಂಡು ಅಲ್ಲಿವರೆಗೆ ತಲುಪಿದ್ದು ಹೇಗೆ ಎಂದು ಹುಡುಕಲು ಹೊರಟರೆ ಸಿಗುವುದು ಎರಡೋ ಮೂರೋ ಸಾಲು.

1999ರ ಕಾರ್ಗಿಲ್‌ನಲ್ಲಿ ನಮ್ಮ ಫಿರಂಗಿ ದಳ ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿತು ಎನ್ನುವುದು ಬಳಗದ ಹುಡುಗರಿಗೆ ಬಾಯಿಪಾಠ. ಬೋಫೋರ್ಸಿನ ಒಂದು ಶೆಲ್ 40 ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಶ್ರೀನಗರದಿಂದ 11,500 ಅಡಿ ಎತ್ತರದ ಜೋಜಿ ಲಾ ಹತ್ತಿಸಿ, ಗುಡ್ಡದ ತುದಿಯಲ್ಲಿ ಕೂತ ಶತ್ರುವಿಗೆ ನೇರವಾಗಿ ಕಾಣುವ ದ್ರಾಸ್ ರಸ್ತೆಯಲ್ಲಿ ದಾಟಿಸಬೇಕಿತ್ತು, ರಾತ್ರಿ ಹೊತ್ತು, ಹೆಡ್‌ಲೈಟ್ ಹಾಕದೆ. ಹೇಗೆ ಓಡಿಸುತ್ತಿದ್ದಿರಿ ಎಂದು ಕಾರ್ಕಳ ಕಡೆಯ ಒಬ್ಬ ಡ್ರೈವರಣ್ಣನನ್ನು ಕೇಳಿದೆವು. ಮಿಲಿಟ್ರಿ ಲಾರಿಯ ಹಿಂದಿನ ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್‌ನ ಗುಂಡಗಿನ ಭಾಗಕ್ಕೆ ಬಿಳಿ ಬಣ್ಣ ಬಳಿದಿರುತ್ತದೆ, ಮೇಲೆ ಒಂದು ಸಣ್ಣ ಬಲ್ಬು. ಆಕಾಶದಿಂದಾಗಲಿ ಗುಡ್ಡದಿಂದಾಗಲಿ ಅದು ಕಾಣುವುದಿಲ್ಲ; ಹಿಂದಿನ ಗಾಡಿಯವನಿಗೆ ಮಾತ್ರ ಕಾಣುತ್ತದೆ. "ಆ ಬಿಳಿ ಗುಂಡು ದೊಡ್ಡದಾದರೆ ಬ್ರೇಕು, ಸಣ್ಣದಾದರೆ ಆಕ್ಸಿಲರೇಟರು, ಅಷ್ಟೇ" ಅಂದರು. ಫಿರಂಗಿಗಳ ಅಂಕಿಅಂಶ ಒಪ್ಪಿಸುವ ಹುಡುಗ ಆ ದಿನ ಪೆನ್ನು ತೆಗೆದು ಬರೆದುಕೊಂಡ.

ಒಂದು ದಿನವೂ ಯೂನಿಫಾರ್ಮ್ ಹಾಕದವರು ಪುಸ್ತಕ ಓದಿ ಯುದ್ಧ ಮಾತಾಡ್ತಾರೆ. ಅವರ ಹತ್ರ ನಾನೆಂತ ಕಲಿಯುವುದು?

ನಿಮ್ಮದೇ ಯುದ್ಧದ ಉಳಿದ ಭಾಗವನ್ನು. ಟ್ರೆಂಚಿನಲ್ಲಿ ಇದ್ದವನಿಗೆ ಎದುರಿನ ನೂರು ಗಜ ಗೊತ್ತು, ಪಕ್ಕದ ಕಂಪನಿಗೆ ಏನಾಯಿತು ಎಂಬುದು ಲಂಗರಿನಲ್ಲಿ (ಸೈನಿಕರ ಅಡುಗೆಮನೆಯಲ್ಲಿ) ಕೇಳಿದ ಸುದ್ದಿ. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದ ನಮ್ಮ ಹಿರಿಯರೊಬ್ಬರಿಗೆ ತಮ್ಮ ಪಲ್ಟನ್ ಒಂದು ನದಿಯ ದಡದಲ್ಲಿ ಸುಮ್ಮನೆ ಯಾಕೆ ಕಾದು ಕೂತಿತ್ತು ಎಂದು ನಿವೃತ್ತರಾಗುವವರೆಗೂ ಗೊತ್ತಿರಲಿಲ್ಲ. ಮ್ಯಾಪ್ ಹರಡಿ ತೋರಿಸಿದ್ದು ಬಳಗದ ಒಬ್ಬ ಹೈಸ್ಕೂಲ್ ಮೇಷ್ಟ್ರು.

ಇಲ್ಲಿ ನಾವು ಪಾಲಿಸುವ ರೂಢಿ ಒಂದೇ. ಯಾರು ಏನು ಹೇಳಿದರೂ ಅದು ಕಂಡದ್ದಾ, ಕೇಳಿದ್ದಾ, ಓದಿದ್ದಾ ಎಂದು ಜೊತೆಗೇ ಹೇಳಬೇಕು. ಸುಬೇದಾರ್ ಮೇಜರ್ ಆಗಿದ್ದವರಿಗೂ ಅದೇ, ಪಿಯುಸಿ ಹುಡುಗನಿಗೂ ಅದೇ. ಅರ್ಧ ಜಗಳ ಅದರಲ್ಲೇ ತಪ್ಪುತ್ತದೆ.

ತುಳುವಿನಲ್ಲಿ ಮಾತಾಡಿದ್ರೆ ಆಗ್ತದಾ? ನನಗೆ ಮಿಲಿಟ್ರಿ ವಿಷಯ ಹಿಂದಿಯಲ್ಲೇ ಬರುವುದು.

ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಎಲ್ಲ ನಡೆಯುತ್ತದೆ. ಪಿಟ್ಟು, ಲಂಗರ್, ಫಾಲ್-ಇನ್, ರೋಲ್ ಕಾಲ್ ಎಲ್ಲ ಬಾಯಿಗೆ ಬಂದ ಹಾಗೆಯೇ ಬರಲಿ. ಅರ್ಥವಾಗದಿದ್ದರೆ ಹುಡುಗರು ಕೇಳುತ್ತಾರೆ.

ಅಪ್ಪ ಮಿಲಿಟ್ರಿಯಲ್ಲಿದ್ರು, ಮನೆಯಲ್ಲಿ ಒಂದಕ್ಷರ ಬಾಯಿ ಬಿಡುವುದಿಲ್ಲ. ನಿಮ್ಮಲ್ಲಿಗೆ ಕರ್ಕೊಂಡು ಬಂದ್ರೆ ಮಾತಾಡ್ತಾರಾ?

ಮಾತಾಡಬಹುದು, ಆದರೆ ಅದಕ್ಕೆಂದೇ ಎಳೆದುಕೊಂಡು ಬರಬೇಡಿ. ಮನೆಯಲ್ಲೇ ಒಮ್ಮೆ ಬೇರೆ ಕಡೆಯಿಂದ ಶುರುಮಾಡಿ ನೋಡಿ. ಯುದ್ಧ ಬಿಡಿ, ರಜೆಗೆ ಊರಿಗೆ ಬರುತ್ತಿದ್ದ ದಾರಿ ಕೇಳಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಪಠಾಣ್‌ಕೋಟಿನಿಂದ ಹೊರಟ ಕುಂದಾಪುರದ ಜವಾನ ಮದ್ರಾಸಿಗೋ ಪಾಲಕ್ಕಾಡಿಗೋ ಇಳಿದು, ಕೇರಳದ ಮೂಲಕ ಬಳಸಿ ಮಂಗಳೂರು ಮುಟ್ಟಿ, ಅಲ್ಲಿಂದ ಕಪ್ಪು ಟ್ರಂಕನ್ನು ಬಸ್ಸಿನ ಟಾಪಿಗೆ ಹಾಕಿ ಮನೆ ಸೇರಬೇಕಿತ್ತು. ವರ್ಷಕ್ಕೆ 60 ದಿನದ ರಜೆಯಲ್ಲಿ ಎಷ್ಟು ದಿನ ರೈಲಿನಲ್ಲೇ ಹೋಗುತ್ತಿತ್ತು ಎಂದು ಕೇಳಿದರೆ ಎಂಥ ಮೌನಿಯೂ ಬೈಯಲಿಕ್ಕಾದರೂ ಬಾಯಿ ತೆರೆಯುತ್ತಾನೆ. ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ನಂಬರು, ಯೂನಿಟ್ಟು ಇನ್ನೂ ಉಳಿದಿದ್ದರೆ ಅಲ್ಲಿಂದ ಮುಂದೆ ಹೋಗಬಹುದು.

## ಕೂತು ಮಾತಾಡುವಾಗ

"ಎಷ್ಟು ಜನರನ್ನು ಕೊಂದಿದ್ದೀರಿ" ಅಂತ ಕೇಳಬಹುದಾ?

ಬೇಡ.

ಹಾಗಾದ್ರೆ ಎಂತ ಕೇಳುವುದು? "ಅನುಭವ ಹೇಳಿ ಸರ್" ಅಂದ್ರೆ "ಎಂತ ಹೇಳುವುದು" ಅಂತ ಸುಮ್ಮನಾಗ್ತಾರೆ.

ಅನುಭವ ಹೇಳಿ ಎಂದರೆ ಭಾಷಣ ಬರುತ್ತದೆ, ಇಲ್ಲವೇ ಮೌನ. ಕೆಲಸ ಕೇಳಿ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ನೀರು ಎಲ್ಲಿಂದ, ಬೂಟು ಒದ್ದೆಯಾದರೆ ಒಣಗಿಸುವುದು ಹೇಗೆ, ಲಡಾಖಿನ ಚಳಿಯಲ್ಲಿ ಶಕ್ತಿಮಾನ್ ಲಾರಿ ಬೆಳಿಗ್ಗೆ ಸ್ಟಾರ್ಟ್ ಮಾಡುವುದು ಹೇಗೆ. ಕೊನೆಯದನ್ನು ಕೇಳಿದಾಗ ಆಯಿಲ್ ಸಂಪಿನ ಅಡಿಗೆ ಸ್ಟೋವ್ ಹೊತ್ತಿಸಿ ಇಟ್ಟು ಕಾಯುತ್ತಿದ್ದ ಕತೆ ಬಂತು, ಅದರ ಬೆನ್ನಿಗೆ ಆ ಲಾರಿ ಹೋದ ಪೋಸ್ಟು, ಪೋಸ್ಟಿನಲ್ಲಿದ್ದ ಮನುಷ್ಯರು, ಕೊನೆಗೆ ಯಾರೂ ಕೇಳದಿದ್ದರೂ ಒಂದು ಹಿಮಕುಸಿತ.

ಕೈಯಲ್ಲಿ ಏನಾದರೂ ಕೊಟ್ಟರೆ ಇನ್ನೂ ಒಳ್ಳೆಯದು. ಹಳೆಯ ಮ್ಯಾಪು, ಒಂದು ಫೋಟೊ, ಅವರು ಬಳಸಿದ ರೇಡಿಯೊ ಸೆಟ್ಟಿನ ಚಿತ್ರ. ಬಾಯಿಗೆ ಬಾರದ್ದು ಬೆರಳಿಗೆ ಬರುತ್ತದೆ. ಇನ್ನೊಂದು ಮಾತು, ಹಿರಿಯರು ತಪ್ಪು ಇಸವಿ ಹೇಳಿದ ಕೂಡಲೇ ತಿದ್ದುವ ಚಟ ನಮ್ಮ ಓದುಗ ಮಿತ್ರರಿಗೆ ಬಹಳ. ಇಸವಿ ಪುಸ್ತಕದಲ್ಲಿ ಸಿಗುತ್ತದೆ, ಆಮೇಲೆ ನೋಡಿಕೊಳ್ಳಿ.

ಖುಕ್ರಿ ಹಡಗಿನ ವಿಷಯ ಬಂದ ಕೂಡಲೇ ನೇವಿಯಲ್ಲಿದ್ದ ಹಿರಿಯರೊಬ್ಬರು ಎದ್ದು ಹೊರಗೆ ಹೋದ್ರು. ನಾವು ಕೇಳಬಾರದಿತ್ತಾ?

ಕೇಳಿದ್ದರಲ್ಲಿ ತಪ್ಪಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಕರಾವಳಿಯಾಚೆ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಬಿಟ್ಟ ಟಾರ್ಪೆಡೊಗೆ ಐಎನ್‌ಎಸ್ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನೊಂದಿಗೇ ಹೋದರು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಓದಿದವರಿಗೆ ಅದು ಜಲಾಂತರ್ಗಾಮಿ ಯುದ್ಧದ ಒಂದು ಅಧ್ಯಾಯ. ಅದೇ ವರ್ಷ ನೇವಿಯಲ್ಲಿದ್ದವರಿಗೆ ಅದರಲ್ಲಿ ಬ್ಯಾಚಿನವನ ಮುಖ ಇರುತ್ತದೆ. ಹೊರಗೆ ಹೋದವರ ಹಿಂದೆ ಎಲ್ಲರೂ ಓಡಬೇಡಿ. ಅವರ ವಯಸ್ಸಿನವರು ಒಬ್ಬರು ಹೋಗಿ ಪಕ್ಕದಲ್ಲಿ ನಿಂತರೆ ಸಾಕು. ಒಳಗೆ ಚರ್ಚೆ ಮುಂದುವರಿಯಲಿ. ಬರುವಾಗ ಎಲ್ಲರೂ ತನಗಾಗಿ ಬಾಯಿ ಮುಚ್ಚಿ ಕೂತದ್ದನ್ನು ನೋಡುವುದು ಅವರಿಗೆ ಇನ್ನಷ್ಟು ಕಷ್ಟ.

ಮನೆಯವರು ರಾತ್ರಿ ನಿದ್ದೆಯಿಲ್ಲ, ಪಟಾಕಿಗೆ ಬೆಚ್ಚುತ್ತಾರೆ, ಕುಡಿತ ಹೆಚ್ಚಾಗಿದೆ ಎನ್ನುವುದಾದರೆ ಅದು ಬಳಗದ ಕೈಯಲ್ಲಿ ಆಗುವ ಕೆಲಸ ಅಲ್ಲ. ಮಂಗಳೂರಿನಲ್ಲಿ ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಉಂಟು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ.

ನಾನು ಇದ್ದದ್ದು ಶ್ರೀಲಂಕಾದಲ್ಲಿ. 71, ಕಾರ್ಗಿಲ್ ಅಂದ್ರೆ ಎಲ್ರೂ ಕಿವಿ ಕೊಡ್ತಾರೆ. ನಮ್ಮದು ಯಾರಿಗೆ ಬೇಕು?

ಈ ದೂರಿನಲ್ಲಿ ಹುರುಳಿದೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಮೇಲೆ ಶಾಂತಿಪಾಲನೆಗೆಂದು ಹೋದ ನಮ್ಮ ಪಡೆ, ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಪೂರ್ಣ ಯುದ್ಧದಲ್ಲಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವಾಗ ಸುಮಾರು 1,200 ಮಂದಿ ತೀರಿಕೊಂಡಿದ್ದರು, ಅಂದರೆ ಕಾರ್ಗಿಲ್‌ನಲ್ಲಿ ಹುತಾತ್ಮರಾದ 527 ಮಂದಿಯ ಎರಡು ಪಟ್ಟಿಗೂ ಹೆಚ್ಚು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ 13 ಸಿಖ್ ಲೈಟ್ ಇನ್‌ಫಂಟ್ರಿಯ ಪ್ಲಟೂನಿನ 30 ಮಂದಿಯಲ್ಲಿ 29 ಮಂದಿ ಬೆಳಗಾಗಿ ಮಧ್ಯಾಹ್ನವಾಗುವಷ್ಟರಲ್ಲಿ ಇಲ್ಲವಾದರು. ಉಳಿದ ಒಬ್ಬ ಸೆರೆಯಾದ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದದ್ದೂ ಶ್ರೀಲಂಕಾದ ಇದೇ ಯುದ್ಧದಲ್ಲಿ. ಗೆಲುವು ಎಂದು ಹೇಳಿಕೊಳ್ಳಲಾಗದ ಯುದ್ಧಕ್ಕೆ ವಿಜಯ ದಿವಸ ಇರುವುದಿಲ್ಲ, ದಿವಸ ಇಲ್ಲದ್ದಕ್ಕೆ ಶಾಲೆಗಳಿಂದ ಕರೆಯೂ ಬರುವುದಿಲ್ಲ.

ನಮ್ಮ ಬಳಗದಲ್ಲಿ ಆ ಮೂರು ವರ್ಷಗಳ ಬಗ್ಗೆ ಓದಿದವರು ಬಹಳ ಕಡಿಮೆ, ಅದಕ್ಕೇ ನೀವು ಬರಬೇಕು. ಅಲ್ಲಿದ್ದ ಒಬ್ಬರು ನಗುತ್ತಲೇ ಹೇಳಿದ್ದು: ಹಳ್ಳಿಯೊಂದರಲ್ಲಿ ತಪಾಸಣೆಗೆ ನಿಂತಾಗ ಉತ್ತರದ ಕಡೆಯ ಅವರ ಹವಾಲ್ದಾರ್, "ನೀನು ಸೌತಿನವನಲ್ವಾ, ಕೇಳು ಅವರಲ್ಲಿ" ಎಂದು ಇವರನ್ನು ಮುಂದೆ ತಳ್ಳಿದರಂತೆ. ಇವರಿಗೆ ಬರುತ್ತಿದ್ದದ್ದು ತುಳು ಮತ್ತು ಶಾಲೆಯ ಕನ್ನಡ. ಎದುರಿಗೆ ನಿಂತ ಮುದುಕಿಗೆ ಏನು ಅರ್ಥವಾಯಿತೋ, ಒಳಗೆ ಹೋಗಿ ಒಂದು ಚೆಂಬು ನೀರು ತಂದು ಕೊಟ್ಟಳು. ಆ ನೀರು ಕುಡಿಯಬೇಕೋ ಬೇಡವೋ ಎಂದು ಇಡೀ ಸೆಕ್ಷನ್ ನಿಂತು ನೋಡಿತು. ಕುಡಿದಿರಾ ಎಂದು ಕೇಳಿದೆವು. ಕುಡಿದೆ, ಆಮೇಲೆ ಹವಾಲ್ದಾರ್ ಕೈಲಿ ಬೈಸಿಕೊಂಡೆ ಅಂದರು.

ಕೆಲವರು ಹೇಳುವುದು ಕೇಳಿದ್ರೆ ಒಬ್ಬರೇ ಇಡೀ ಯುದ್ಧ ಗೆದ್ದ ಹಾಗಿರ್ತದೆ. ನಿಜವಾ, ಬೊಗಳೆಯಾ, ಗೊತ್ತಾಗುವುದು ಹೇಗೆ?

ಇದರಲ್ಲಿ ಎರಡು ಜಾತಿ. ಒಂದು, ನಿಜವಾಗಿ ಇದ್ದು ಬಂದವರ ನೆನಪು ವರ್ಷ ಕಳೆದಂತೆ ಬೆಳೆಯುವುದು. ಕೇಳಿದ್ದು ಕಂಡದ್ದಾಗುತ್ತದೆ, ಪಕ್ಕದ ಕಂಪನಿಯ ಘಟನೆ ತನ್ನದಾಗುತ್ತದೆ. ಅದರಲ್ಲಿ ಮೋಸವೇನೂ ಇಲ್ಲ. ಅದೇ ಪಲ್ಟನಿನ ಇನ್ನೊಬ್ಬರನ್ನು ಜೊತೆಗೆ ಕೂರಿಸಿದರೆ ತಾವಾಗಿಯೇ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಾರೆ, ಕೇಳುವವರಿಗೂ ಮಜಾ.

ಇನ್ನೊಂದು, ಇದ್ದೇ ಇಲ್ಲದವರು ಇದ್ದೆವು ಎನ್ನುವುದು. ಇಂಥವರು ಸಾಮಾನ್ಯವಾಗಿ ಕಮಾಂಡೊ ಆಗಿರುತ್ತಾರೆ, ಕಾಗದಗಳೆಲ್ಲ "ರಹಸ್ಯ" ಆಗಿರುತ್ತವೆ. ಟ್ರೇನಿಂಗ್ ಎಲ್ಲಿ, ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸು ಯಾವುದು, ಪಗಾರ ಹೇಗೆ ಸಿಗುತ್ತಿತ್ತು ಎನ್ನುವ ಸಾದಾ ಪ್ರಶ್ನೆಗೆ ತಡವರಿಸುತ್ತಾರೆ. ಶೌರ್ಯ ಪದಕ ಬಂದಿದೆ ಎಂದರೆ ಅದು ಗುಟ್ಟಿನ ವಿಷಯ ಅಲ್ಲ, ಗೆಜೆಟ್‌ನಲ್ಲಿ ಬಂದಿರುತ್ತದೆ. ಹಾಗಂತ ಸಭೆಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುವುದು ನಮ್ಮ ಕ್ರಮ ಅಲ್ಲ. ಮುಂದಿನ ಸಲ ಮಾತಾಡಲು ಕರೆಯುವುದಿಲ್ಲ, ಅಷ್ಟೇ. ಸೈನಿಕನಲ್ಲದವನು ಸೈನಿಕನೆಂದು ನಂಬಿಸಲು ಯೂನಿಫಾರ್ಮ್ ಹಾಕಿಕೊಂಡು ತಿರುಗಿದರೆ ಮಾತ್ರ ವಿಷಯ ಬೇರೆ. ಅದು ಕಾನೂನಿನಲ್ಲೇ ಅಪರಾಧ.

## ಕಾಗದ, ಪದಕ, ಟ್ರಂಕು

ಅಜ್ಜನ ಪೆಟ್ಟಿಗೆಯಲ್ಲಿ ಐದಾರು ಪದಕ ಸಿಕ್ಕಿವೆ. ಪೇಪರಿಗೆ ಕೊಟ್ರೆ "ಶೌರ್ಯ ಪದಕ ವಿಜೇತ" ಅಂತ ಹಾಕ್ತಾರಾ?

ಹಾಕಿಬಿಡುತ್ತಾರೆ, ಅದೇ ಸಮಸ್ಯೆ. ಪೇಪರಿಗೆ ಕೊಡುವ ಮೊದಲು ಭೂತಗನ್ನಡಿ ಹಿಡಿದು ಪದಕದ ಅಂಚನ್ನು ನೋಡಿ. ಸ್ವತಂತ್ರ ಭಾರತದ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತದೆ. ಅಜ್ಜನದ್ದೇ ಹೌದೋ ಎಂದು ಅಲ್ಲಿ ಖಚಿತವಾಗುತ್ತದೆ.

ಹೆಚ್ಚಿನವು ಶೌರ್ಯಕ್ಕೆ ಕೊಟ್ಟವಲ್ಲ, ಸೇವೆಗೆ ಕೊಟ್ಟವು. ಆದರೆ ಇತಿಹಾಸ ಓದುವವನಿಗೆ ಅವೇ ಹೆಚ್ಚು ಮಾತಾಡುತ್ತವೆ. ಪೂರ್ವಿ ಸ್ಟಾರ್ ಇದ್ದರೆ ಅಜ್ಜ 71ರಲ್ಲಿ ಬಾಂಗ್ಲಾದ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಾಕಿಸ್ತಾನದ ಗಡಿಯ ಕಡೆ. ಸಂಗ್ರಾಮ್ ಮೆಡಲ್ ಮಾತ್ರ ಇದ್ದರೆ ಆ ಕಾಲದಲ್ಲಿ ಸೇವೆಯಲ್ಲಿದ್ದರು, ಕಾರ್ಯಾಚರಣೆಯ ಪ್ರದೇಶದಲ್ಲಿ ಇರಲಿಲ್ಲ ಎಂದು ಊಹಿಸಬಹುದು. 1965ರ ಯುದ್ಧಕ್ಕೆ ಅದೇ ರೀತಿ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಸಿಕ್ಕಿದ್ದು. ಪರಮವೀರ, ಮಹಾವೀರ, ವೀರ ಚಕ್ರಗಳು ಯುದ್ಧಭೂಮಿಯ ಶೌರ್ಯಕ್ಕೆ. ಅಶೋಕ, ಕೀರ್ತಿ, ಶೌರ್ಯ ಚಕ್ರಗಳು ಶತ್ರುವಿನ ಎದುರಲ್ಲದ ಶೌರ್ಯಕ್ಕೆ.

ಬ್ರಾಸೊ ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ರಿಬ್ಬನ್ ಬೂಸ್ಟು ಹಿಡಿಯುತ್ತದೆ, ಒಣಗಿದ ಬಟ್ಟೆಯಲ್ಲಿ ಬಿಡಿಬಿಡಿಯಾಗಿ ಸುತ್ತಿಡಿ. ಸ್ಮಾರಕದ ಕಾರ್ಯಕ್ರಮಕ್ಕೆ ಮನೆಯವರು ಹಾಕಿಕೊಂಡು ಬರುವುದಾದರೆ ಬಲ ಎದೆಯ ಮೇಲೆ; ಎಡ ಎದೆ ಗಳಿಸಿದವರದ್ದು.

ಡಿಸ್ಚಾರ್ಜ್ ಬುಕ್ ನೆರೆಯಲ್ಲಿ ಹೋಯ್ತು. ಅಪ್ಪ ಯಾವ ಯೂನಿಟ್ ಅಂತಲೇ ಗೊತ್ತಿಲ್ಲ.

ಪೆನ್ಷನ್ ಬರುತ್ತಿದ್ದರೆ ಪಿಪಿಒದಲ್ಲಿ (ಪೆನ್ಷನ್ ಆದೇಶದ ಕಾಗದದಲ್ಲಿ) ನಂಬರು, ರ‍್ಯಾಂಕು, ರೆಕಾರ್ಡ್ ಆಫೀಸು ಇರುತ್ತದೆ. ಅದೂ ಇಲ್ಲದಿದ್ದರೆ ಹಳೆಯ ಕ್ಯಾಂಟೀನ್ ಕಾರ್ಡು, ಮದುವೆಯ ಕಾಗದ, ಇನ್‌ಲ್ಯಾಂಡ್ ಲೆಟರಿನ ಹಿಂದಿನ "56 ಎಪಿಒ" ವಿಳಾಸ ಹುಡುಕಿ. 56 ಎಪಿಒ, 99 ಎಪಿಒ ಎನ್ನುವುದು ಊರಿನ ಹೆಸರಲ್ಲ. ಯೂನಿಟ್ ಎಲ್ಲಿದೆ ಎಂದು ಗೊತ್ತಾಗಬಾರದೆಂದೇ ಇರುವ ಅಂಚೆ ವಿಳಾಸ. ಆದರೆ ಅದರ ಮೇಲಿನ ಸಾಲಿನಲ್ಲಿ ಯೂನಿಟ್ಟಿನ ಹೆಸರು ಇರುತ್ತದೆ. ಅಷ್ಟು ಸಿಕ್ಕಿದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮಂಗಳೂರು ಕಚೇರಿಯಲ್ಲಿ ಕೇಳಿ ರೆಕಾರ್ಡ್ ಆಫೀಸಿಗೆ ಬರೆಯಬಹುದು.

ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೋಗಿ ಬರಲೇ ಇಲ್ಲ ಅಂತ ಮನೆಯಲ್ಲಿ ಹೇಳ್ತಾರೆ. ಹುಡುಕಬಹುದಾ?

ಹುಡುಕಬಹುದು, ಕೊಂಚ ತಾಳ್ಮೆ ಬೇಕು. ಆ ಯುದ್ಧಕ್ಕೆ ಭಾರತದಿಂದ ಹೋದವರು ಸುಮಾರು 13 ಲಕ್ಷ, ತೀರಿಕೊಂಡವರು ಸುಮಾರು 74,000. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಹಾಕಿ ನೋಡಬಹುದು; ಎಷ್ಟೋ ಭಾರತೀಯರಿಗೆ ತಂದೆಯ ಹೆಸರು, ಊರು, ಜಿಲ್ಲೆಯೂ ಅಲ್ಲಿ ನಮೂದಾಗಿದೆ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು, ಆದ್ದರಿಂದ ಮೈಸೂರಿನ ದಾಖಲೆಯಲ್ಲಿ ಹುಡುಕಿ ಸುಸ್ತಾಗಬೇಡಿ. ಸೌತ್ ಕೆನರಾ ಎಂದು ಹುಡುಕಿ. ಮದ್ರಾಸ್ ಸ್ಯಾಪರ್ಸ್, ಪಯೊನೀರ್, ಲೇಬರ್ ಕೋರ್ ಎಂಬ ಸೇನಾ ವಿಭಾಗಗಳಲ್ಲಿ ನೋಡಿ. ಬರೆದುಕೊಂಡವರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ, ಶೆಟ್ಟಿ, ಪೂಜಾರಿ, ಡಿಸೋಜ ಎಲ್ಲದಕ್ಕೂ ನಾಲ್ಕು ಥರದ ಸ್ಪೆಲ್ಲಿಂಗ್ ಹಾಕಿ ನೋಡಬೇಕು.

ಹೆಸರು ಸಿಗಲಿಲ್ಲ ಎಂದರೆ ಮನೆಯ ಮಾತು ಸುಳ್ಳು ಎಂದಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಸಿಪಾಯಿಗಳನ್ನು ರೆಜಿಮೆಂಟಿಗೆ ಇಂತಿಷ್ಟು ಎಂದು ಬರೀ ಲೆಕ್ಕದಲ್ಲಿ ಕೆತ್ತಿದ್ದರು. ಆಯೋಗವೇ 2021ರಲ್ಲಿ ಈ ತಾರತಮ್ಯ ಒಪ್ಪಿಕೊಂಡು ಕ್ಷಮೆ ಕೇಳಿತು.

ಹಳೆಯ ಶೆಲ್ಲೊಂದು ಮನೆಯಲ್ಲಿ ಹೂದಾನಿ ಥರ ಇದೆ. ತರಬಹುದಾ?

ಖಾಲಿ ಹಿತ್ತಾಳೆ ಕೇಸ್ ಆದರೆ ಸರಿ. ಮೇಲಿನ ಚೂಪು ತುದಿ ಇನ್ನೂ ಇದ್ದರೆ ಮುಟ್ಟಬೇಡಿ, ಸ್ಕೂಟರಿನಲ್ಲಿ ಹಾಕಿಕೊಂಡು ತೋರಿಸಲಂತೂ ತರಬೇಡಿ. 112ಕ್ಕೆ ಫೋನ್ ಮಾಡಿ.

## ಗುಟ್ಟು ಮತ್ತು ಕಾನೂನು

ಪೆನ್ಷನ್ ಬಂದು ಇಪ್ಪತ್ತು ವರ್ಷ ಆಯ್ತು. ಇನ್ನೂ ಎಂತ ಗುಟ್ಟು?

1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯ ದಿನ ಮುಗಿಯುವುದಿಲ್ಲ. ಆದರೆ ಅದನ್ನು ಹೆದರಿಕೆಯಾಗಿ ಹಿಡಿದುಕೊಂಡು ಚಾ ಕುಡಿದದ್ದನ್ನೂ ಹೇಳದವರಿದ್ದಾರೆ, ಅಷ್ಟು ಬೇಡ. ಈಗಲೂ ಬಳಕೆಯಲ್ಲಿರುವ ಉಪಕರಣ, ಕೋಡು, ಫ್ರೀಕ್ವೆನ್ಸಿ, ಪೋಸ್ಟಿನ ನಿಖರ ಜಾಗ, ಮಾಹಿತಿ ಕೊಟ್ಟ ಸ್ಥಳೀಯರ ಹೆಸರು, ಇವು ಬಾಯಿಂದ ಬರಬಾರದು. ಸಿಗ್ನಲ್ಸ್‌ನವನಾದ ನನಗೆ ಮಾತಾಡಲು ಉಳಿಯುವುದು ಕಂಬ, ತಂತಿ ಮತ್ತು ಹೆಗಲ ನೋವು ಅಷ್ಟೇ.

ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಅಸ್ಸಾಂ ರೈಫಲ್ಸ್‌ನಂಥ ಪಡೆಗಳಿಂದ ಬಂದವರು ಇನ್ನಷ್ಟು ಎಚ್ಚರವಾಗಿರಬೇಕು. 2021ರ ಮೇ ತಿಂಗಳಲ್ಲಿ ಪೆನ್ಷನ್ ನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ, ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳ ನಿವೃತ್ತರು ಸಂಸ್ಥೆಯ ಕೆಲಸಕ್ಕೆ ಸಂಬಂಧಿಸಿದ್ದನ್ನು ಪ್ರಕಟಿಸಬೇಕಾದರೆ ಮುಖ್ಯಸ್ಥರ ಅನುಮತಿ ಬೇಕು. ತಪ್ಪಿದರೆ ಪೆನ್ಷನ್ನಿಗೇ ಕುತ್ತು. ಭೂಸೇನೆ, ನೌಕಾಪಡೆ, ವಾಯುಪಡೆ ಆ ಅನುಸೂಚಿಯಲ್ಲಿ ಇಲ್ಲ.

ಯುದ್ಧದ ಕಡತಗಳು ಯಾವಾಗ ಹೊರಗೆ ಬರುತ್ತವೆ?

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ಒಪ್ಪಿತು. ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು, ಯುದ್ಧ ಮುಗಿದ 5 ವರ್ಷದೊಳಗೆ ಅದರ ಇತಿಹಾಸ ಬರೆದಿರಬೇಕು ಎಂದು. ಕಾಗದದ ಮೇಲೆ ಚೆನ್ನಾಗಿದೆ. 1962ರ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನು ಸರಕಾರ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗ ಹೊರಬಿದ್ದದ್ದು 2014ರಲ್ಲಿ ವಿದೇಶಿ ಪತ್ರಕರ್ತನೊಬ್ಬನಿಂದ. ಮಾಹಿತಿ ಹಕ್ಕಿನಲ್ಲಿ 20 ವರ್ಷಕ್ಕಿಂತ ಹಳೆಯ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ, ಆದರೆ ದೇಶದ ಭದ್ರತೆಯ ವಿನಾಯಿತಿ ಉಳಿಯುತ್ತದೆ. ಅದೊಂದರಲ್ಲೇ ಎಲ್ಲವೂ ಅಡಗಿಕೊಳ್ಳುತ್ತದೆ.

## ಆಳಕ್ಕೆ ಇಳಿದವರಿಗೆ

ಪಾಕಿಸ್ತಾನದವರು ಬರೆದದ್ದನ್ನು ಓದ್ಬೇಕಾ? ನಮ್ಮವರ ಮೇಲೆ ನಂಬಿಕೆ ಇಲ್ವಾ?

ಕೊಡಗಿನ ಅಜ್ಜಮಾಡ ದೇವಯ್ಯ ಅವರ ಕತೆ ಗೊತ್ತಿದ್ದವರು ಈ ಪ್ರಶ್ನೆ ಕೇಳುವುದಿಲ್ಲ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಹಿಂದಿರುಗಲಿಲ್ಲ. ಜೊತೆಗೆ ಹೋದವರು ಯಾರೂ ಅವರಿಗೆ ಏನಾಯಿತೆಂದು ಕಂಡಿರಲಿಲ್ಲ. ನಮ್ಮ ಕಡತದಲ್ಲಿ ಅವರು "ಕಾಣೆಯಾದವರು". ವರ್ಷಗಳ ಮೇಲೆ ಪಾಕಿಸ್ತಾನದ ಕಡೆಯ ವಿವರ ಹೊರಬಂದಾಗ ಗೊತ್ತಾಯಿತು: ಅವರ ಮಿಸ್ಟೇರ್ ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಹೊಡೆದುರುಳಿಸಿತ್ತು. ಸ್ಟಾರ್‌ಫೈಟರಿನ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ್ದರು. ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ. ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ, ಎದುರಾಳಿ ಕಂಡಿದ್ದ.

ಅವರು ಬರೆದದ್ದನ್ನೆಲ್ಲ ನಂಬಬೇಕೆಂದಲ್ಲ. ವಿಮಾನ ಬೀಳಿಸಿದ ಲೆಕ್ಕವನ್ನು ಎರಡೂ ದೇಶ ಹಿಗ್ಗಿಸುತ್ತದೆ. ತನಗೆ ಆದ ನಷ್ಟವನ್ನು ತಾನೇ ಒಪ್ಪಿಕೊಂಡ ಜಾಗವಿದೆಯಲ್ಲ, ಅಲ್ಲಿ ಬೆರಳಿಟ್ಟು ನಿಲ್ಲಿ.

ನಮ್ಮ ಊರಿನ ಯುದ್ಧಗಳ ಬಗ್ಗೆ ಹೇಳಲು ಮಾಜಿ ಸೈನಿಕನೇ ಬೇಕಾ? ಅದೆಲ್ಲ ಇನ್ನೂರು, ನಾನ್ನೂರು ವರ್ಷ ಹಿಂದಿನದ್ದು.

ಬೊಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿದ್ದೀರಲ್ಲ, ಸಾಮಾನ್ಯವಾಗಿ ಅಲ್ಲಿ ಎಲ್ಲರೂ ಮೆಟ್ಟಿಲು ಹತ್ತಿ ಸೆಲ್ಫಿ ತೆಗೆದು ಇಳಿಯುತ್ತಾರೆ. ಫಿರಂಗಿ ದಳದಲ್ಲಿದ್ದ ಒಬ್ಬರನ್ನು ಕರೆದುಕೊಂಡು ಹೋದಾಗ ಅವರು ಮೊದಲು ನೋಡಿದ್ದು ಗೋಡೆಯ ಕಿಂಡಿಗಳನ್ನು. ಒಂದೊಂದರ ಎದುರು ಕುಕ್ಕರುಗಾಲಿನಲ್ಲಿ ಕೂತು, ಇದರಿಂದ ಅಳಿವೆಯ ಎಷ್ಟು ಭಾಗ ಕಾಣುತ್ತದೆ, ಹಡಗು ಗುರುಪುರ ಹೊಳೆಗೆ ತಿರುಗುವಾಗ ಯಾವ ಕಿಂಡಿಗೆ ಮೊದಲು ಸಿಗುತ್ತದೆ ಎಂದು ಕೈ ಚಾಚಿ ತೋರಿಸಿದರು. ಆಮೇಲೆ ಮದ್ದಿನ ನೆಲಮನೆಯ ಗೋಡೆ ಮುಟ್ಟಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮದ್ದು ಒಣಗಿರಿಸುವುದೇ ದೊಡ್ಡ ಯುದ್ಧ ಅಂದರು.

ಆ ಮಾತಿನಿಂದ 1783ರ ಮಂಗಳೂರು ಮುತ್ತಿಗೆಯನ್ನು ನಾವು ಹೊಸದಾಗಿ ಓದಿದೆವು. ಟಿಪ್ಪು ಕೋಟೆಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ, ಅಂದರೆ ಮಳೆಯ ಬಾಗಿಲಲ್ಲಿ. ಮಳೆಗಾಲದಲ್ಲಿ ನಮ್ಮ ಕಡಲಿಗೆ ಹಡಗು ಬರುವುದಿಲ್ಲ ಎಂದು ಮೀನುಗಾರರ ಮಕ್ಕಳಿಗೂ ಗೊತ್ತು. ಒಳಗಿದ್ದ ಬ್ರಿಟಿಷ್ ಕರ್ನಲ್ ಕ್ಯಾಂಪ್‌ಬೆಲ್ಲನ ಪಡೆಗೆ ಅನ್ನ ಬರುವ ದಾರಿ ಅದೊಂದೇ. ಹೊರಗಿದ್ದ ಟಿಪ್ಪುವಿನ ಕಂದಕಗಳಿಗೂ ಅದೇ ಮಳೆ ಸುರಿಯಿತು. ಹಸಿವು, ಕಾಯಿಲೆಗಳಿಂದ ಸೋತು ಕೋಟೆ ಶರಣಾದದ್ದು 1784ರ ಜನವರಿ ಕೊನೆಗೆ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಪುಸ್ತಕಗಳಲ್ಲಿ ಒಪ್ಪಂದದ ಷರತ್ತುಗಳಿಗೆ ಪುಟಗಟ್ಟಲೆ ಜಾಗ, ಮಳೆಗೆ ಒಂದು ವಾಕ್ಯ.

ಉಳ್ಳಾಲದ ರಾಣಿ ಅಬ್ಬಕ್ಕನ ವಿಷಯದಲ್ಲೂ ಕಂಡದ್ದಾ, ಕೇಳಿದ್ದಾ ಎನ್ನುವ ಜರಡಿ ಹಿಡಿಯಬೇಕು. ಪೋರ್ಚುಗೀಸರ ವಿರುದ್ಧದ ಕಾಳಗದ ಕತೆಗಳಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಒಂದೇ ಹೆಸರಿನಲ್ಲಿ ಬೆರೆತಿದ್ದಾರೆ. 1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ತಾನೇ ಕಂಡು ಬರೆದ. ಬರಿಗಾಲಲ್ಲಿ ನಡೆದು ನೀರಿನ ಕಾಲುವೆ ಕೆಲಸ ನೋಡಲು ಹೊರಟಿದ್ದಳು ಎನ್ನುತ್ತಾನೆ. ಅದು ಕಂಡದ್ದು. ಅಬ್ಬಕ್ಕ ಅಗ್ನಿಬಾಣ ಬಿಟ್ಟಳೆಂಬ ಕತೆ ಕೇಳಿದ್ದು.

ಖಾಕಿ ಬಟ್ಟೆ ಮಂಗಳೂರಿನಲ್ಲೇ ಹುಟ್ಟಿದ್ದಂತೆ, ಹೌದಾ?

ಅರ್ಧ ಹೌದು. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬ ಮಿಷನರಿ ಖಾಕಿ ಬಣ್ಣ ತಯಾರಿಸಿದ. ಆದರೆ ಅದಕ್ಕೂ ಮೊದಲೇ, 1846ರಲ್ಲಿ ಪೇಶಾವರದಲ್ಲಿ ಹುಟ್ಟಿದ ಲಮ್ಸ್‌ಡೆನ್ನನ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತ್ತು. ಬಟ್ಟೆಗೆ ಬಣ್ಣ ಗಟ್ಟಿಯಾಗಿ ನಿಲ್ಲುವಂತೆ ಮಾಡಿದ ಕೀರ್ತಿ ಮಂಗಳೂರಿಗೆ ಇರಲಿ, ಖಾಕಿಯನ್ನೇ ಕಂಡುಹಿಡಿದೆವು ಎಂದು ವೇದಿಕೆಯಲ್ಲಿ ಹೇಳಬೇಡಿ. ಸಭೆಯಲ್ಲಿ ಯಾರಾದರೂ ಒಬ್ಬ ಓದಿದವನು ಇದ್ದೇ ಇರುತ್ತಾನೆ.

ಅಪ್ಪ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಮುಂದೆ ಎಂತ ಮಾಡ್ಲಿ?

ಮೊದಲು ಇನ್ನೊಂದು ಕಡೆ ಕಾಪಿ ಇಡಿ, ಮೊಬೈಲು ಬಾವಿಗೆ ಬಿದ್ದ ಉದಾಹರಣೆ ಉಂಟು. ಪ್ರತಿ ರೆಕಾರ್ಡಿಂಗಿನ ಆರಂಭದಲ್ಲಿ ತಾರೀಕು, ಊರು, ಯಾರು ಮಾತಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂದು ನೀವೇ ಬಾಯಲ್ಲಿ ಹೇಳಿ ಸೇರಿಸಿ. ಹಂಚಿನ ಮನೆಯಾದರೆ ಮಳೆಯಲ್ಲಿ ಬೇಡ, ಮಾತಿಗಿಂತ ಮಾಡಿನ ಸದ್ದೇ ಜಾಸ್ತಿ ಬರುತ್ತದೆ. ಫ್ಯಾನ್ ಆರಿಸಿ.

ಆಮೇಲೆ ಕೂತು ಅಕ್ಷರಕ್ಕಿಳಿಸಿ. ಅವರು ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆಯಿರಿ, ಚಂದ ಮಾಡಲು ಹೋಗಬೇಡಿ. "ನನಗೆ ನೆನಪಿಲ್ಲ" ಎಂದದ್ದನ್ನೂ ಬಿಡಬೇಡಿ, ಮುಂದೆ ಓದುವವನಿಗೆ ಅದೂ ಬೇಕು. ಬರೆದದ್ದನ್ನು ಅಪ್ಪನಿಗೇ ಮೊದಲು ಓದಿ ಹೇಳಿ, ಅವರು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಅಂಚಿನಲ್ಲಿ ಗುರುತು ಹಾಕಿಸಿ. ತಾನು ಬದುಕಿರುವವರೆಗೆ ಇದು ಹೊರಗೆ ಹೋಗಬಾರದು ಎಂದರೆ ಅದನ್ನೂ ಅದೇ ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಳ್ಳಿ. ನಮ್ಮ ಬಳಗಕ್ಕೆ ಕೊಡುವ ಪ್ರತಿ ಅದಾದ ಮೇಲಿನದ್ದು.